ಉತ್ತಮ ಮಾದರಿಯ ಲಕ್ಷಣಗಳು

ಬೆಂದ ಆಲೂಗಡ್ಡೆಯನ್ನು ಬಿಸಿ ಇರುವಾಗಲೇ ಸುಲಿಯಬೇಕು, ತಣ್ಣಗಾದರೆ ಸಿಪ್ಪೆಯ ಜೊತೆ ಅರ್ಧ ಗೆಡ್ಡೆಯೂ ಬಂದುಬಿಡುತ್ತದೆ. ಅವಳು ಒಂದನ್ನು ಸುಲಿದು, ಬೆರಳಿಗೆ ಉಫ್ ಎಂದು ಊದಿ, ಇನ್ನೊಂದಕ್ಕೆ ಕೈ ಹಾಕಿದ್ದಳು. ಊಟದ ಮೇಜಿನ ಸುತ್ತ ಮನೆಯ ಮೂವರೂ ಕೂತಾಗಿತ್ತು. ಗಂಡ ಮೋಟಾರ್ ವೈಂಡಿಂಗ್ ಅಂಗಡಿಯಿಂದ ಬಂದು, ಎಷ್ಟು ಸೋಪು ಹಾಕಿದರೂ ಹೋಗದ ವಾರ್ನಿಷ್ ವಾಸನೆಯ ಕೈಯನ್ನು ತಟ್ಟೆಯ ಮೇಲೆ ಇಟ್ಟುಕೊಂಡಿದ್ದ. ಅತ್ತೆ ರೊಟ್ಟಿಯನ್ನು ಚೂರು ಮಾಡಿ ಬೇಳೆಯಲ್ಲಿ ನೆನೆಸುತ್ತಿದ್ದರು. ಮಗಳು ನೀರಿನ ಚೊಂಬಿಗೆ ಮೊಬೈಲ್ ಒರಗಿಸಿಕೊಂಡು ಒಂದು ತುತ್ತು ತಿನ್ನುವಷ್ಟರಲ್ಲಿ ಎರಡು ಸಲ ನಗುತ್ತಿದ್ದಳು.

"ಏನು ಒಬ್ಬಳೇ ಹಲ್ಲು ಕಿರೀತಿದ್ದೀಯ? ನಮಗೂ ಸ್ವಲ್ಪ ಬಡಿಸು," ಎಂದ ಗಂಡ.

"ಅಪ್ಪಾ, ಇವತ್ತು ಸರಾಸರಿ ಸರ್ ಹೊಟ್ಟೆ ಹುಣ್ಣಾಗೋ ಹಾಗೆ ನಗಿಸಿಬಿಟ್ರು. ಹಿಂದಿನ ಬೆಂಚಿನವನು ರೆಕಾರ್ಡ್ ಮಾಡಿದಾನೆ. ತಾಳು, ಹಾಕ್ತೀನಿ."

ಸರಾಸರಿ ಸರ್ ಎಂದರೆ ಕಾಲೇಜಿನ ಸಂಖ್ಯಾಶಾಸ್ತ್ರದ ಮೇಷ್ಟ್ರು. ಮೂರು ಮಾತಿಗೊಮ್ಮೆ 'ಸರಾಸರಿ ತಗೊಂಡ್ರೆ' ಎನ್ನುತ್ತಿದ್ದುದರಿಂದ ಆ ಹೆಸರು ಬಂದಿತ್ತು. ಹಗಲಿನಲ್ಲಿ ಮಗಳ ತರಗತಿಗೂ, ಸಂಜೆ ಕೆಲಸ ಮುಗಿಸಿ ಬರುವವರ ತರಗತಿಗೂ ಅವರೇ ಪಾಠ ಮಾಡುತ್ತಿದ್ದರು. ಆ ಸಂಜೆಯ ತರಗತಿಯಲ್ಲಿ ಅವಳೂ ಇದ್ದಳು.

ಮೊಬೈಲಿನಿಂದ ಮೇಷ್ಟ್ರ ದನಿ ಬಂತು. "ಪ್ರಶ್ನೆ ಏನು? ಮಾದರಿ ಎಂದರೇನು? ಉತ್ತಮ ಮಾದರಿಯ ಲಕ್ಷಣಗಳನ್ನು ಬರೆಯಿರಿ. ಹತ್ತು ಅಂಕ. ಸಂಜೆ ಬ್ಯಾಚಿನವರೊಬ್ಬರು ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಬರೆದಿರೋದು ಕೇಳಿ. 'ಯಾರನ್ನು ನೋಡಿ ನಾವು ಬದುಕುವುದನ್ನು ಕಲಿಯುತ್ತೇವೋ ಅವರೇ ಮಾದರಿ. ನನಗೆ ನನ್ನ ಅತ್ತೆಯವರೇ ಮಾದರಿ.'"

ತರಗತಿ ಗೊಳ್ ಎಂದಿತು. ಅವಳ ಕೈಯಲ್ಲಿದ್ದ ಆಲೂಗಡ್ಡೆ ಸುಡುತ್ತಲೇ ಇತ್ತು. ಕೆಳಗಿಡಬೇಕೆಂದು ತೋಚಲಿಲ್ಲ.

"'ಉತ್ತಮ ಮಾದರಿಯ ಮೊದಲ ಲಕ್ಷಣ, ತಾನು ಮಾದರಿ ಎಂದು ಹೇಳಿಕೊಳ್ಳದಿರುವುದು. ಎರಡನೆಯದು, ಬೈದುಕೊಂಡಾದರೂ ಕೊಡುವುದು. ನಾನು ಕೆಲಸಕ್ಕೆ ಸೇರಿದ ದಿನ ಬಸ್ ನಿಲ್ದಾಣದಲ್ಲಿ ನನ್ನ ಚಪ್ಪಲಿ ಕಿತ್ತುಹೋಯಿತು. ಅತ್ತೆಯವರು ದರಿದ್ರದವಳು ಎಂದು ಬೈಯುತ್ತಲೇ ತಮ್ಮ ಚಪ್ಪಲಿ ಬಿಟ್ಟುಕೊಟ್ಟು, ಬಿಸಿಲಿನಲ್ಲಿ ಬರಿಗಾಲಲ್ಲಿ ಮನೆಗೆ ನಡೆದರು...' ಚಪ್ಪಲಿ! ಸಂಖ್ಯಾಶಾಸ್ತ್ರದಲ್ಲಿ ಚಪ್ಪಲಿ! ನಾನು ಇವರಿಗೆ ಅಂಕ ಕೊಡ್ಲೋ, ಒಂದು ಜೊತೆ ಚಪ್ಪಲಿ ಕೊಡ್ಲೋ ನೀವೇ ಹೇಳಿ."

ಇಡೀ ತರಗತಿ ಬೆಂಚು ಬಡಿದು ನಗುತ್ತಿತ್ತು. ಆ ಗದ್ದಲದ ನಡುವೆ ಒಂದು ನಗು ಎತ್ತರಕ್ಕೆ ಹೋಗಿ, ಕೊನೆಯಲ್ಲಿ ಬಿಕ್ಕಳಿಕೆಯ ಹಾಗೆ ಒಂದು ಸಲ ಜಗ್ಗಿ ನಿಂತಿತು. ಮಗಳು ತೊಟ್ಟಿಲಲ್ಲಿದ್ದಾಗಿನಿಂದ ಅವಳು ಕೇಳಿದ್ದ ನಗು ಅದು. ಈಗ ಮೇಜಿನ ಆ ಕಡೆಯಿಂದಲೂ ಅದೇ ಕೇಳುತ್ತಿತ್ತು.

ನಗುತ್ತಿದ್ದ ಗಂಡನಿಗೆ ನೆತ್ತಿಗೆ ಹತ್ತಿತು. ನೀರು ಕುಡಿದು, "ಆ ಅತ್ತೆ ಹೆಸರಲ್ಲಿ ಮನೆ ಇರ್ಬೇಕು ಕಣೇ, ಅದಕ್ಕೇ ಈ ಭಕ್ತಿ! ಏನಮ್ಮಾ, ಕೇಳಿಸ್ಕೊಂಡ್ಯಾ? ಎಂತೆಂಥಾ ಸೊಸೆಯರಿದ್ದಾರೆ ನೋಡು. ನಿನಗೆ ಆ ಪುಣ್ಯ ಇಲ್ಲ," ಎಂದ.

ಅತ್ತೆಯ ಬೆರಳು ಬೇಳೆಯಲ್ಲೇ ನಿಂತಿತ್ತು. ಅವರು ಸೊಸೆಯ ಕಡೆ ನೋಡಲಿಲ್ಲ.

"ಯಾವಳೋ ಬುದ್ಧಿಗೇಡಿ," ಎಂದು ತಟ್ಟೆ ಸರಿಸಿ ಎದ್ದರು. ರೊಟ್ಟಿ ಅರ್ಧ ಹಾಗೇ ಉಳಿದಿತ್ತು.

"ಅಮ್ಮಾ, ನಿಮ್ಮ ಬ್ಯಾಚಿನವರೇ ಅಂತೆ. ಯಾರು ಅಂತ ಗೊತ್ತಾ?" ಎಂದಳು ಮಗಳು.

"ಅಷ್ಟೊಂದು ಜನ ಇದ್ದಾರೆ. ಯಾರಿಗೆ ಗೊತ್ತು?" ಎಂದಳು ಅವಳು. ಆಲೂಗಡ್ಡೆ ಅವಳ ಮುಷ್ಟಿಯಲ್ಲಿ ಹಿಟ್ಟಾಗಿತ್ತು.

ಸಂಜೆಯ ತರಗತಿಯಲ್ಲಿ ಮಾದರಿಯ ಪಾಠ ನಡೆದ ದಿನ ಅವಳು ಹೋಗಿರಲಿಲ್ಲ. ಅತ್ತೆಯ ಕಣ್ಣಿನ ಪೊರೆ ತೆಗೆಸಿ, ಹಸಿರು ಬಟ್ಟೆ ಕಟ್ಟಿದ ಅವರನ್ನು ಕೈಹಿಡಿದು ಆಸ್ಪತ್ರೆಯ ಮೆಟ್ಟಿಲು ಇಳಿಸುತ್ತಿದ್ದಳು. ಆಮೇಲೆ ಆ ಅಧ್ಯಾಯವನ್ನು ಯಾರಿಂದಾದರೂ ಬರೆದುಕೊಳ್ಳಬೇಕು ಎಂದುಕೊಂಡದ್ದು ಹಾಗೇ ಉಳಿಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಪ್ರಶ್ನೆ ನೋಡಿದಾಗ, ಲೆಕ್ಕದ ಪತ್ರಿಕೆಯಲ್ಲಿ ಇದೇಕೆ ಬಂತು ಎಂದು ಒಂದು ಕ್ಷಣ ಅನಿಸಿತ್ತು. ಸದ್ಯ, ಲೆಕ್ಕವಿಲ್ಲದ ಪ್ರಶ್ನೆ ಒಂದಾದರೂ ಸಿಕ್ಕಿತಲ್ಲ ಎಂದು ಬರೆಯತೊಡಗಿದಳು. ಬರೆಯಲು ಕೂತ ಮೇಲೆ ಪೆನ್ನು ನಿಲ್ಲಲಿಲ್ಲ, ಎರಡು ಪುಟ ತುಂಬಿತು.

ಹೊರಗೆ ಬಂದಾಗ ಜೊತೆಯಲ್ಲಿ ಓದುವ ಬಸ್ ಕಂಡಕ್ಟರ್, "ಅಕ್ಕಾ, ಮಾದರಿ ಪ್ರಶ್ನೆ ನಿಮಗೆ ಹಬ್ಬ ಆಗಿರ್ಬೇಕು. ಮಾದರಿ ಅಂದ್ರೆ ಸ್ಯಾಂಪಲ್ ಅಲ್ವಾ? ನಿಮ್ಮದೇ ಡಿಪಾರ್ಟ್‌ಮೆಂಟು!" ಎಂದಿದ್ದ.

"ಹೂಂ ಮತ್ತೆ, ಅದನ್ನೇ ಬರೆದೆ," ಎಂದು ನಕ್ಕಿದ್ದಳು. ಕಿವಿ ಮಾತ್ರ ಬಿಸಿಯಾಗಿತ್ತು.

ರಕ್ತ, ಮೂತ್ರ ಪರೀಕ್ಷೆಯ ಲ್ಯಾಬಿನ ಕೌಂಟರಿನಲ್ಲಿ ಅವಳಿಗೆ ಎಷ್ಟೋ ವರ್ಷದ ಕೆಲಸ. ದಿನಕ್ಕೆ ನೂರು ಸಲ ಬಾಯಲ್ಲಿ ಸ್ಯಾಂಪಲ್ ಎಂಬ ಮಾತು ಬರುತ್ತಿತ್ತು. "ಸ್ಯಾಂಪಲ್ ತಂದಿದ್ದೀರಾ? ಹೆಸರೇನು? ವಯಸ್ಸೆಷ್ಟು? ಮೂತ್ರಾನಾ? ಮುಚ್ಚಳ ಗಟ್ಟಿಯಾಗಿ ಹಾಕಿ ಕೊಡಿ!" ಎಂದು ಅವಳು ಕೂಗಿದರೆ ಬಾಗಿಲ ಹೊರಗೆ ನಿಂತವರಿಗೂ ಯಾರು ಏನು ತಂದಿದ್ದಾರೆಂದು ತಿಳಿಯುತ್ತಿತ್ತು. ಅಷ್ಟು ಜನರ ಗದ್ದಲದಲ್ಲಿ ಮೆಲ್ಲಗೆ ಮಾತಾಡಿದರೆ ಒಬ್ಬರ ಹೆಸರು ಇನ್ನೊಬ್ಬರ ಡಬ್ಬಿಗೆ ಅಂಟುತ್ತದೆ ಎನ್ನುವುದು ಅವಳ ವಾದ. ಲ್ಯಾಬಿನಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಸ್ಯಾಂಪಲ್ ಅಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಕರೆಸಿಕೊಳ್ಳುವವಳಿಗೇ ಆ ಮಾತಿನ ಕನ್ನಡ ಗೊತ್ತಿರಲಿಲ್ಲ.

ಒಳಗಿನ ಕೋಣೆಯಲ್ಲಿ ಕೂತು ರಿಪೋರ್ಟುಗಳನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಈ ವರ್ಷ ನಿವೃತ್ತಿಯಾಗುವವರಿದ್ದರು. ಲ್ಯಾಬಿನ ಡಾಕ್ಟರಮ್ಮ ಅವಳನ್ನು ಕರೆದು ನೇರವಾಗಿ ಹೇಳಿದ್ದರು: "ಆ ಕುರ್ಚಿ ನಿಮಗೇ ಕೊಡಬೇಕು ಅಂತ ನನಗೂ ಇದೆ. ಆದ್ರೆ ಡಿಗ್ರಿ ಇಲ್ದೆ ಆಗಲ್ಲ. ಈ ಸಲ ಮುಗಿಸಿಬಿಡಿ. ಇಲ್ದಿದ್ರೆ ಹೊರಗಿನವರನ್ನ ತಗೋಬೇಕಾಗುತ್ತೆ." ಉಳಿದಿದ್ದದ್ದು ಸಂಖ್ಯಾಶಾಸ್ತ್ರ ಒಂದೇ. ದಿನವಿಡೀ ನಿಂತು ನಿಂತು ಕಾಲಿನ ನರಗಳು ಹಸಿರು ಹಗ್ಗದ ಹಾಗೆ ಉಬ್ಬಿದ್ದ ಅವಳಿಗೆ, ಪದವಿ ಎಂದರೆ ಕೂರಲು ಸಿಗುವ ಒಂದು ಕುರ್ಚಿ.

ಊಟದ ಮೇಜಿನಲ್ಲಿ ಆ ನಗು ಕೇಳಿದ ಮರುದಿನದಿಂದ ಅವಳು ತರಗತಿಗೆ ಹೋಗಲಿಲ್ಲ. ಕಾಲೇಜಿನ ಬಸ್ಸು ಹತ್ತುವ ಹೊತ್ತಿಗೆ ಲ್ಯಾಬಿನ ಹಿಂದಿನ ಕೋಣೆಗೆ ಹೋಗಿ, ಆಯಾ ಮಾಡಬೇಕಿದ್ದ ಕೆಲಸ ಹಿಡಿಯುತ್ತಿದ್ದಳು. ಟ್ಯೂಬು ಇಡುವ ಸ್ಟ್ಯಾಂಡುಗಳನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ, ಬ್ರಷ್ಷಿನಿಂದ ತಿಕ್ಕಿ ಒಣಗಿಡುತ್ತಿದ್ದಳು.

"ಅಕ್ಕಾ, ನನ್ನ ಕೆಲಸ ಕಿತ್ಕೊಳ್ತೀರಾ?" ಎಂದಳು ಆಯಾ ಒಂದು ದಿನ.

"ಪರೀಕ್ಷೆ ಹತ್ತಿರ ಬಂತು, ಕ್ಲಾಸ್ ನಿಲ್ಲಿಸಿದಾರೆ. ಮನೆಗೆ ಬೇಗ ಹೋದ್ರೆ ಓದೋಕೆ ಬಿಡಲ್ಲ," ಎಂದು ಹೇಳಿದಳು. ಆಯಾ ಎದುರು ಸುಳ್ಳು ಹೇಳಿದ್ದಕ್ಕೆ ಮುಖ ತಿರುಗಿಸಿಕೊಂಡಳು.

ಮನೆಗೆ ಬಂದರೆ ಬಾಗಿಲಲ್ಲೇ ಅತ್ತೆಯ ಪ್ರಶ್ನೆ: "ಕ್ಲಾಸ್ ಆಯ್ತಾ?"

"ಆಯ್ತು."

"ಕಾಲೇಜಲ್ಲಿ ನೆಲ ಒರೆಸೋದೂ ಕಲಿಸ್ತಾರಾ? ಕೈಯೆಲ್ಲಾ ಬ್ಲೀಚಿಂಗ್ ವಾಸನೆ."

"ಲ್ಯಾಬಲ್ಲಿ ಕೆಲಸ ಮಾಡೋರ ಕೈ ಮತ್ತೆ ಮಲ್ಲಿಗೆ ವಾಸನೆ ಬರುತ್ತಾ ಅತ್ತೆ?"

ಅತ್ತೆ ಒಳಗೆ ಹೋದರು. ಆ ಊಟದ ದಿನದಿಂದ ಅವರ ಬಾಯಿ ಕಡಿಮೆಯಾಗಿತ್ತು. ಮೊದಲಾದರೆ, "ಮಗಳಿಗೆ ಮದುವೆ ಮಾಡೋ ವಯಸ್ಸಲ್ಲಿ ಇವಳಿಗೆ ಕಾಲೇಜು ಕೇಡು," ಎಂದು ದಿನಕ್ಕೊಮ್ಮೆಯಾದರೂ ಪಾತ್ರೆ ಕುಕ್ಕುತ್ತಿದ್ದರು. ಗಂಡ ಮಾತ್ರ ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮನೇಲಿ ಈ ವರ್ಷ ಇಬ್ಬರು ಪರೀಕ್ಷೆ ಬರೀತಾರೆ, ನಾನೊಬ್ಬನೇ ಹೆಬ್ಬೆಟ್ಟು," ಎಂದು ಹೇಳಿಕೊಂಡು ತಿರುಗುತ್ತಿದ್ದ. ಪಕ್ಕದ ಅಂಗಡಿಯ ಟೈಲರ್ ಎದುರು ಸಿಕ್ಕಾಗ, "ಏನಮ್ಮಾ, ಫಸ್ಟ್ ಕ್ಲಾಸಾ?" ಎಂದು ಕೇಳಿದ. ಅವಳು ರಸ್ತೆಯ ಆ ಬದಿಗೆ ದಾಟಿಬಿಟ್ಟಳು.

ರಜದ ದಿನ ಮಹಡಿಯ ಮೇಲೆ ಒಣಗಿದ ಹಾಸಿಗೆ ಬಟ್ಟೆಯನ್ನು ಇಬ್ಬರೂ ಎರಡು ತುದಿ ಹಿಡಿದು ಮಡಿಸುತ್ತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು.

"ಮನೆ ಮಾತು ಪರೀಕ್ಷೇಲಿ ಬರೀತಾರೇನೇ?"

ಅವಳ ಕೈಯಿಂದ ಬಟ್ಟೆಯ ತುದಿ ಜಾರಿತು.

"ಎತ್ಕೋ. ಮಣ್ಣಾಗುತ್ತೆ." ಎತ್ತಿಕೊಂಡ ಮೇಲೆ ಅತ್ತೆಯೇ ಮುಂದುವರಿಸಿದರು. "ನಾನು ಬರಿಗಾಲಲ್ಲಿ ಬಂದಿದ್ದು ನನ್ನ ಮಗನಿಗೂ ಹೇಳಿಲ್ಲ. ಚಪ್ಪಲಿ ಎಲ್ಲಿ ಅಂದ್ರೆ ನಾಯಿ ಎಳ್ಕೊಂಡು ಹೋಯ್ತು ಅಂದೆ. ನೀನು ನೋಡಿದ್ರೆ ಕಾಲೇಜಿಗೆಲ್ಲಾ ಸಾರಿಬಿಟ್ಟೆ."

"ನಾನು ಸಾರಿಲ್ಲ ಅತ್ತೆ. ಅವರು ಓದ್ತಾರೆ ಅಂತ ನನಗೇನು ಗೊತ್ತು? ಪ್ರಶ್ನೆ ಅರ್ಥ ಆಗ್ಲಿಲ್ಲ."

"ಅರ್ಥ ಆಗದಿದ್ರೆ ಖಾಲಿ ಬಿಡಬೇಕಿತ್ತು. ಹುಡುಗರು ಬೆಂಚು ಬಡಿದು ನಗ್ತಾರೆ. ನನ್ನ ಮಗ ನಗ್ತಾನೆ. ಮೊಮ್ಮಗಳು ನಗ್ತಾಳೆ. ಅನ್ನ ಹೇಗೆ ಇಳೀಬೇಕು ಗಂಟಲಲ್ಲಿ?"

"ತಪ್ಪಾಯ್ತು."

"ತಪ್ಪಾಯ್ತಂತೆ!" ಅತ್ತೆ ಬಟ್ಟೆಯನ್ನು ಅವಳ ಕೈಯಿಂದ ಕಿತ್ತುಕೊಂಡು ತಾವೇ ಎದೆಗೆ ಒತ್ತಿ ಮಡಿಸಿದರು. "ದಿನಾ ಎದುರು ಮಾತಾಡ್ತೀಯ. ಉಪ್ಪು ಕಡಿಮೆ ಅಂದ್ರೆ ನಾಲಿಗೆ ಕೆಟ್ಟಿದೆ ನಿಮ್ಮದು ಅಂತೀಯ. ಒಂದು ದಿನ, ಒಂದೇ ಒಂದು ದಿನ ಅಲ್ಲಿ ಬರೆದ ಆ ಮಾತು ನನ್ನ ಮುಖಕ್ಕೆ ಹೇಳಿದ್ಯಾ? ಯಾವನೋ ಮೇಷ್ಟ್ರಿಗೆ ಬರೆದುಕೊಟ್ಟೆ."

ಅತ್ತೆ ಬಟ್ಟೆಯ ಕಟ್ಟು ಎತ್ತಿಕೊಂಡು, ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಅವಳು ಹಗ್ಗದಲ್ಲಿ ಉಳಿದಿದ್ದ ಕ್ಲಿಪ್ಪುಗಳನ್ನು ತೆಗೆಯುತ್ತಾ ಬಹಳ ಹೊತ್ತು ಮಹಡಿಯಲ್ಲೇ ಉಳಿದಳು.

ಮುಂದಿನ ವಾರ ಮಗಳ ಗೆಳತಿಯೊಬ್ಬಳು ಓದಿಕೊಳ್ಳಲು ಮನೆಗೆ ಬಂದಳು. ತಾಯಿ ಲ್ಯಾಬಿನಲ್ಲಿದ್ದ ಹೊತ್ತು. ಅಜ್ಜಿ ಕಿಟಕಿಯ ಬೆಳಕಿಗೆ ಕೂತು, ಹೊಸ ಕಣ್ಣಿನ ಹೆಮ್ಮೆಯಿಂದ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದರು. ಹುಡುಗಿಯರು ಪುಸ್ತಕ ಬಿಚ್ಚಿಟ್ಟುಕೊಂಡು ಸ್ವಲ್ಪ ಹೊತ್ತು ಓದಿ, ಆಮೇಲೆ ಮೊಬೈಲ್ ತೆಗೆದರು.

"ಚಪ್ಪಲಿ ಮೇಡಂದು ಹಾಕೇ, ತಲೆ ಹಗುರ ಆಗ್ಲಿ," ಎಂದಳು ಗೆಳತಿ.

ಮತ್ತೆ ಮೇಷ್ಟ್ರ ದನಿ, ಬೆಂಚಿನ ಸದ್ದು, ನಗು. ಮಗಳು ಎದ್ದು ನಿಂತು ಕುಂಟುತ್ತಾ, ಕಿತ್ತುಹೋದ ಚಪ್ಪಲಿ ಎಳೆದುಕೊಂಡು ನಡೆಯುವವರ ಅಭಿನಯ ಮಾಡಿದಳು. "ಅಯ್ಯೋ ಅತ್ತೆಯವರೇ, ನೀವೇ ನನ್ನ ಉತ್ತಮ ಮಾದರಿ!"

"ಆ ಚಪ್ಪಲಿ ನಂದು," ಎಂದರು ಅಜ್ಜಿ.

"ಏನಜ್ಜಿ?"

"ಕಿತ್ತುಹೋಗಿದ್ದು ನಿಮ್ಮಮ್ಮಂದು. ಕೊಟ್ಟಿದ್ದು ನಂದು. ಕಂದು ಬಣ್ಣದ್ದು, ಹಿಮ್ಮಡಿ ಸವೆದಿತ್ತು. ನೀನಾಗ ನನ್ನ ಸೊಂಟದ ಮೇಲಿದ್ದೆ. ನಿನ್ನನ್ನ ಎತ್ಕೊಂಡೇ ಬರಿಗಾಲಲ್ಲಿ ಬಂದೆ. ಈಗ ಕುಣಿ, ಎಷ್ಟು ಬೇಕೋ ಅಷ್ಟು ಕುಣಿ."

ಅಜ್ಜಿ ಮತ್ತೆ ಮೊರದ ಮೇಲೆ ಬಗ್ಗಿದರು. ಗೆಳತಿ ಪುಸ್ತಕ ಎತ್ತಿಕೊಂಡು, "ನಾ ಬರ್ತೀನಿ ಕಣೇ, ಮನೇಲಿ ಕಾಯ್ತಿರ್ತಾರೆ," ಎಂದು ಹೊರಟೇಬಿಟ್ಟಳು. ಮಗಳು ಗೋಡೆಗೆ ಒರಗಿ ನಿಂತಿದ್ದಳು. ಯಾರೂ ನಿಲ್ಲಿಸದ ಆ ರೆಕಾರ್ಡು ಮೊದಲಿಂದ ಶುರುವಾಯಿತು. ಅವಳು ಓಡಿಹೋಗಿ ಅದರ ಬಾಯಿ ಮುಚ್ಚುವವಳಂತೆ ಮೊಬೈಲನ್ನು ಅಂಗೈಯಲ್ಲಿ ಒತ್ತಿಹಿಡಿದಳು.

"ಅಜ್ಜಿ, ಅಮ್ಮನಿಗೆ ಹೇಳಬೇಡ."

"ಏನು ಹೇಳೋದು? ಅವಳ ಎದುರೇ ಹಾಕಿ ಕೇಳಿಸಿದ್ದೀಯಲ್ಲ."

ಅಂದು ಸಂಜೆ ತಾಯಿ ಬಂದಾಗ ಪಾತ್ರೆಗಳೆಲ್ಲ ತೊಳೆದಿದ್ದವು. ಎರಡು ದಿನದ ಬಟ್ಟೆ ನೆನೆಹಾಕಿತ್ತು. ಮಗಳು ಒಲೆಯ ಕಟ್ಟೆ ಒರೆಸುತ್ತಿದ್ದಳು. ಹೇಳದೆ ಚಮಚವನ್ನೂ ಎತ್ತಿಡದ ಹುಡುಗಿ.

"ಏನೇ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿದಳು.

"ಹುಷಾರಾಗಿದ್ದೀನಿ." ಮಗಳು ಹಣೆ ಹಿಂದಕ್ಕೆಳೆದುಕೊಂಡಳು. ಸ್ವಲ್ಪ ತಡೆದು, "ಅಮ್ಮಾ, ನಿನಗೆ ಸಮೂಹ, ಮಾದರಿ ಪಾಠ ಹೇಳಿಕೊಡ್ಲಾ? ನೀನು ಆವತ್ತು ಹೋಗಿರ್ಲಿಲ್ಲ ಅಲ್ವಾ?" ಎಂದಳು.

ತಾಯಿ ಬ್ಯಾಗನ್ನು ಗೂಟಕ್ಕೆ ಹಾಕಿ, ಕೈ ತೊಳೆದು, ಒರೆಸಿಕೊಂಡು ತಿರುಗಿದಳು. ಮಗಳ ಮುಖ ನೋಡಿದಾಗ ಕೇಳಲು ಏನೂ ಉಳಿಯಲಿಲ್ಲ.

"ಹೇಳಿಕೊಡು."

ಅಡುಗೆಮನೆಯಲ್ಲೇ ಕೂತರು. ಅಂದು ಅತ್ತೆ, "ನೀವು ಓದ್ಕೊಳ್ಳಿ, ನನ್ನ ಕೈ ಬಿದ್ದುಹೋಗಿಲ್ಲ," ಎಂದು ಅನ್ನಕ್ಕಿಟ್ಟಿದ್ದರು. ಮಗಳು ಪಾಠ ಶುರುಮಾಡಿದಳು. ಊರಿನ ಎಲ್ಲರನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ, ಅದಕ್ಕೆ ಕೆಲವರನ್ನು ಆರಿಸಿಕೊಳ್ಳುತ್ತಾರೆ. ಹಾಗೆ ಆರಿಸಿಕೊಂಡದ್ದು ಮಾದರಿ. ನಮಗೆ ಬೇಕಾದವರನ್ನೇ ಆರಿಸಿಕೊಂಡರೆ ಅದು ಕೆಟ್ಟ ಮಾದರಿ. ಎಲ್ಲರಿಗೂ ಸಮನಾದ ಅವಕಾಶ ಇರಬೇಕು.

"ಅಂದ್ರೆ ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀವಲ್ಲ, ಹಾಗಾ?" ಎಂದರು ಅತ್ತೆ ಒಲೆಯ ಕಡೆಯಿಂದಲೇ.

"ಹೌದಜ್ಜಿ, ಅದೇ! ಆದ್ರೆ ಬರೀ ಮೇಲಿನ ಅಗುಳು ತೆಗೆದ್ರೆ ಆಗಲ್ಲ. ತಳದ್ದು ಹೇಗಿದೆ ಅಂತ ಗೊತ್ತಾಗಲ್ಲ."

"ತಳದ್ದು ಸೀದಿದೆ, ಮೂಗಿಲ್ವಾ ನಿಮಗಿಬ್ಬರಿಗೂ?"

ಅನ್ನ ನಿಜವಾಗಿಯೂ ಸೀದಿತ್ತು. ಮೂವರೂ ಒಟ್ಟಿಗೆ ಕೈಹಾಕಿದರು. ಪಾತ್ರೆ ಇಳಿಸಿ, ಕಿಟಕಿ ತೆಗೆದು, ಮೇಲಿನ ಅನ್ನವನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡರು. ನಗು ಬರುವ ಹೊತ್ತು ಅದು. ಮಗಳಿಗೆ ನಗು ಬಂತು ಕೂಡ. ಗಂಟಲಿನವರೆಗೆ ಬಂದದ್ದನ್ನು ಅವಳು ಬಾಯಿಗೆ ಕೈ ಅಡ್ಡ ಹಿಡಿದು ನುಂಗಿಕೊಂಡಳು.

ಅತ್ತೆ ಹೊರಗೆ ಹೋದ ಮೇಲೆ ಮಗಳು ಸೀದ ತಳವನ್ನು ಕೆರೆಯುತ್ತಾ, ತಲೆ ಎತ್ತದೆ ಕೇಳಿದಳು. "ಅಮ್ಮಾ, ಅದರಲ್ಲಿ ನಾನು ನಕ್ಕಿದ್ದು ಕೇಳಿಸ್ತಾ?"

"ಎಷ್ಟೊಂದು ಜನ ನಗ್ತಿದ್ರು. ಯಾರದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?"

ಮಗಳು ಕೆರೆಯುವುದನ್ನು ನಿಲ್ಲಿಸಿ, ಮತ್ತೆ ಶುರುಮಾಡಿದಳು.

"ಅಳಿಸಿಬಿಟ್ಟಿದ್ದೀನಿ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ನಂದು ಮಾತ್ರ. ಎಲ್ಲರ ಹತ್ರಾನೂ ಇದೆ. ನಾನೇ ಸುಮಾರು ಜನಕ್ಕೆ ಕಳಿಸಿದ್ದೀನಿ."

"ನೀರು ಹಾಕಿ ನೆನೆಯೋಕೆ ಬಿಡು. ಉಗುರು ಮುರಿಯುತ್ತೆ," ಎಂದಳು ತಾಯಿ.

ಅಲ್ಲಿಂದ ದಿನವೂ ಊಟಕ್ಕೆ ಮೊದಲು ಅಡುಗೆಮನೆಯಲ್ಲಿ ಪಾಠ ನಡೆಯಿತು. ಮಧ್ಯಾಂಕ, ಬಹುಲಕ, ವಿಚಲನೆ. ಮಗಳಿಗೆ ತಾಳ್ಮೆ ಕಡಿಮೆ. ಮೊದಲಾದರೆ, "ಅಷ್ಟೂ ಗೊತ್ತಾಗಲ್ವಾ ಅಮ್ಮಾ?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದವಳು ಈಗ ತುಟಿ ಕಚ್ಚಿಕೊಂಡು, "ಪರವಾಗಿಲ್ಲ, ಇನ್ನೊಂದ್ಸಲ ನೋಡೋಣ," ಎನ್ನುತ್ತಿದ್ದಳು. ಆ ಮೆತ್ತಗಿನ ಮಾತು ತಾಯಿಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು. ಪರೀಕ್ಷೆಗೆ ಹೋಗದಿರಲು ತೀರ್ಮಾನಿಸಿಯಾಗಿದೆ, ಹಾಲ್ ಟಿಕೆಟ್ ಕೂಡ ತಂದಿಲ್ಲ ಎಂಬುದನ್ನು ಈ ಹುಡುಗಿಗೆ ಹೇಗೆ ಹೇಳುವುದು? ಅದೇ ಹಾಲಿನಲ್ಲಿ, ಅದೇ ಹುಡುಗರ ನಡುವೆ ಬರೆಯಬೇಕು. ಯಾರಾದರೊಬ್ಬರು, 'ಚಪ್ಪಲಿ ಮೇಡಂ ಇವರೇ' ಎಂದರೆ ಸಾಕು. ಆಗ ಎಲ್ಲರ ನೋಟವೂ ಮಗಳ ಕಡೆಗೂ ತಿರುಗುತ್ತದೆ. ತಾನೇನೋ ಎದ್ದು ಬರಬಹುದು. ಮಗಳು ಇನ್ನೂ ಒಂದು ವರ್ಷ ಆ ಬೆಂಚಿನಲ್ಲಿ ಕೂರಬೇಕು.

ಹಾಲ್ ಟಿಕೆಟ್ ಕೊಡುವ ಕೊನೆಯ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಸಾಲು ಬಾಗಿಲು ದಾಟಿತ್ತು. ಅವಳು ಮಾಸ್ಕ್ ಹಾಕಿಕೊಂಡು ಎಂದಿನಂತೆ ಕೂಗುತ್ತಿದ್ದಳು. "ಮುಂದಿನವರು ಬನ್ನಿ! ರಕ್ತಾನಾ? ಆ ಕಡೆ ಕೂತ್ಕೊಳ್ಳಿ. ಖಾಲಿ ಹೊಟ್ಟೆ ತಾನೆ? ಕಾಫಿನೂ ಕುಡಿದಿಲ್ಲ ತಾನೆ? ಮುಂದಿನವರು!"

ಮುಂದೆ ಬಂದವರು ಪೇಪರಿನಲ್ಲಿ ಸುತ್ತಿದ, ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿದ ಪುಟ್ಟ ಡಬ್ಬಿಯನ್ನು ಅಂಗಿಯ ಮರೆಯಲ್ಲಿ ಹಿಡಿದುಕೊಂಡಿದ್ದರು. ತಲೆ ತಗ್ಗಿತ್ತು. ಹಿಂದೆ ಸಾಲಿನಲ್ಲಿ ಇಬ್ಬರು ಕಾಲೇಜು ಹುಡುಗರು ನಿಂತಿದ್ದರು. ಅವರತ್ತ ಒಮ್ಮೆ ತಿರುಗಿ ನೋಡಿ, ಸರಾಸರಿ ಸರ್ ಡಬ್ಬಿಯನ್ನು ಇನ್ನಷ್ಟು ಒಳಕ್ಕೆ ಸರಿಸಿಕೊಂಡರು.

ಅವಳ ನಾಲಿಗೆಯ ತುದಿಗೆ ಮಾತು ಬಂದಿತ್ತು. ದಿನಕ್ಕೆ ನೂರು ಸಲ ಕೂಗುವ ಮಾತು. ಒಂದು ಸಲ ಕೂಗಿದರೆ ಸಾಕಿತ್ತು, ಯಾರೂ ತಪ್ಪು ತಿಳಿಯುತ್ತಿರಲಿಲ್ಲ, ಅದು ಅವಳ ಕೆಲಸವೇ. ಆ ಹುಡುಗರು ಅದನ್ನು ಸಂಜೆಯೊಳಗೆ ಕಾಲೇಜಿಗೆಲ್ಲ ಮುಟ್ಟಿಸುತ್ತಿದ್ದರು.

ಅವಳು ಕೌಂಟರಿನ ಮೇಲೆ ಬಗ್ಗಿ ಕೈ ಚಾಚಿದಳು. "ಕೊಡಿ ಸರ್," ಎಂದಳು, ಇಬ್ಬರಿಗೆ ಮಾತ್ರ ಕೇಳುವಷ್ಟು. ಟ್ಯೂಬುಗಳ ಸ್ಟ್ಯಾಂಡಿನ ಮರೆಯಲ್ಲಿ ಡಬ್ಬಿ ತೆಗೆದುಕೊಂಡು, ಮುಚ್ಚಳ ತಾನೇ ಗಟ್ಟಿ ಮಾಡಿದಳು. ಚೀಟಿಯ ಮೇಲೆ ಅವರ ಹೆಸರು, ವಯಸ್ಸು ಬರೆದು, ಸರಿಯಿದೆಯಾ ಎಂದು ನೋಡಿಕೊಳ್ಳಲು ಅವರ ಮುಂದಿಟ್ಟಳು. ಅದೂ ಕೆಲಸದ ಕ್ರಮ.

ಮೇಷ್ಟ್ರು ಚೀಟಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಗುಂಡಗಿನ, ಒಂದಕ್ಕೊಂದು ತಾಗದ, ತಲೆಕಟ್ಟು ದೊಡ್ಡದಾದ ಅಕ್ಷರಗಳು. ಬರೀ ನೋಂದಣಿ ಸಂಖ್ಯೆ ಇದ್ದ ಆ ಎರಡು ಪುಟವನ್ನು ಅವರು ಎಷ್ಟು ಸಲ ಓದಿದ್ದರೋ.

"ಇದು... ನಿಮ್ಮ ಅಕ್ಷರಾನಾ?"

"ಹೌದು ಸರ್."

ಅವರು ತಲೆ ಎತ್ತಿ ಮಾಸ್ಕಿನ ಮೇಲಿನ ಕಣ್ಣನ್ನು ನೋಡಿದರು. ಕಿವಿಯ ತುದಿ ಕೆಂಪಾಗುತ್ತಾ ಬಂತು. "ನೀವು ಕ್ಲಾಸಿಗೆ ಬರ್ತಿಲ್ಲ," ಎಂದರು. ಆಮೇಲೆ ಹಿಂದಿನ ಹುಡುಗರಿಗೆ ಕೇಳಿಸದಂತೆ, "ಆ ಹತ್ತು ಅಂಕ... ನಾನಿನ್ನೂ ಪಟ್ಟಿ ಕಳಿಸಿಲ್ಲ. ಏನಾದ್ರೂ ಮಾಡಬಹುದು," ಎಂದರು.

"ಅದು ತಪ್ಪು ಉತ್ತರ ಸರ್. ರಿಪೋರ್ಟ್ ನಾಳೆ ಸಂಜೆ ಸಿಗುತ್ತೆ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನ ಹುಡುಗನೊಬ್ಬ, "ನಮಸ್ಕಾರ ಸರ್, ನೀವೂ ಬಂದಿದ್ದೀರಾ?" ಎಂದ. ಮೇಷ್ಟ್ರು ತಲೆ ಆಡಿಸಿ, ಖಾಲಿ ಪ್ಲಾಸ್ಟಿಕ್ ಚೀಲವನ್ನು ಜೇಬಿಗೆ ತುರುಕಿಕೊಂಡು ಹೊರಟುಹೋದರು.

"ಮುಂದಿನವರು!" ಎಂದಳು ಅವಳು. ದನಿ ಎಂದಿನಷ್ಟು ಏರಲಿಲ್ಲ. ಮುಂದಿನ ಚೀಟಿಯನ್ನು ಎರಡು ಸಲ ಬರೆಯಬೇಕಾಯಿತು.

ಮಧ್ಯಾಹ್ನ ಊಟದ ಡಬ್ಬಿ ತೆರೆದಳು. ಬೆಳಿಗ್ಗೆ ಡಬ್ಬಿ ಕಟ್ಟಿದ್ದವರು ಅತ್ತೆ. ಎಂದಿನಂತೆ ಉಪ್ಪು ಜಾಸ್ತಿ. ಅವಳು ಅಷ್ಟನ್ನೂ ತಿಂದಳು.

ಸಂಜೆ ಕೌಂಟರ್ ಮುಚ್ಚಿ, ಅಭ್ಯಾಸಬಲದಿಂದ ಹಿಂದಿನ ಕೋಣೆಗೆ ಹೋಗಿ ನಲ್ಲಿ ತಿರುಗಿಸಿದಳು. ಬಕೆಟ್ ತುಂಬುತ್ತಿತ್ತು. ಬ್ಲೀಚಿಂಗ್ ಪುಡಿಯ ಡಬ್ಬಕ್ಕೆ ಕೈ ಹಾಕಿದವಳು ಹಾಗೇ ನಿಂತಳು. ಆಮೇಲೆ ಡಬ್ಬದ ಮುಚ್ಚಳ ಹಾಕಿದಳು, ನಲ್ಲಿ ನಿಲ್ಲಿಸಿದಳು.

"ಇವತ್ತು ತೊಳೆಯಲ್ವಾ ಅಕ್ಕಾ?" ಎಂದಳು ಆಯಾ.

"ನಿನ್ನ ಕೆಲಸ ನೀನೇ ಮಾಡಮ್ಮ," ಎಂದು ಬ್ಯಾಗ್ ತೆಗೆದುಕೊಂಡಳು.

ಬಸ್ಸು ಕಾಲೇಜಿನ ನಿಲ್ದಾಣದಲ್ಲಿ ನಿಂತಾಗ ಇಳಿದಳು. ಕಚೇರಿಯ ಗುಮಾಸ್ತ ಬೀಗ ಹಿಡಿದು ನಿಂತಿದ್ದ. "ಇಷ್ಟು ದಿನ ಎಲ್ಲಿಗೆ ಹೋಗಿದ್ರಿ?" ಎಂದು ಗೊಣಗುತ್ತಾ ಹಾಲ್ ಟಿಕೆಟ್ ಹುಡುಕಿ ಕೊಟ್ಟ. ಹಾಗೇ ತರಗತಿಗೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು. ಕಂಡಕ್ಟರ್ ಸರಿದು ಜಾಗ ಕೊಟ್ಟ. ಮೇಷ್ಟ್ರು ಒಳಗೆ ಬಂದವರು ಅವಳನ್ನು ನೋಡಿ ಒಂದು ಕ್ಷಣ ಬಾಗಿಲಲ್ಲೇ ನಿಂತರು. ಅಂದು ಪಾಠದಲ್ಲಿ ಯಾವ ತಮಾಷೆಯೂ ಬರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆಗಳನ್ನು ಒಂದೊಂದಾಗಿ ಹೇಳುತ್ತಾ ಬಂದವರು, 'ಉತ್ತಮ ಮಾದರಿಯ' ಎಂದು ಶುರುಮಾಡಿ, ಕೆಮ್ಮಿ, ಸೀಮೆಸುಣ್ಣ ಹುಡುಕಿದರು. ಅವಳು ಬೆಂಚಿನ ಮೇಲಿನ ಗೀರುಗಳನ್ನು ನೋಡುತ್ತಾ ಕೂತಳು. ಅವಳ ಮುಖವೂ ಸುಡುತ್ತಲೇ ಇತ್ತು.

ಮನೆಯ ಬಾಗಿಲಲ್ಲಿ ಅತ್ತೆ ಇದ್ದರು. ಒಳಗೆ ಮಗಳು ಪುಸ್ತಕ ಬಿಚ್ಚಿಟ್ಟು ಅವಳ ಜಾಗ ಖಾಲಿ ಬಿಟ್ಟು ಕೂತಿದ್ದಳು. ಗಂಡ, "ಬಂದ್ರಾ ಮೇಡಂ? ಹೊಟ್ಟೆ ಹಸೀತಿದೆ," ಎಂದು ಒಳಗಿನಿಂದ ಕೂಗಿದ.

"ಕ್ಲಾಸ್ ಆಯ್ತಾ?" ಎಂದರು ಅತ್ತೆ.

"ಆಯ್ತು."

ಇಷ್ಟು ದಿನ ಹೇಳಿದ್ದ ದನಿಯಲ್ಲೇ ಹೇಳಿದಳು. ಬ್ಯಾಗನ್ನು ಗೂಟಕ್ಕೆ ಹಾಕಿದಳು, ಹಾಲ್ ಟಿಕೆಟ್ ಅದರೊಳಗೇ ಇತ್ತು. ಪರೀಕ್ಷೆಗೆ ಹೋಗುವುದಿಲ್ಲ ಎಂದುಕೊಂಡದ್ದು ಈ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೋಗುತ್ತೇನೆ ಎಂದು ಈಗ ಯಾರಿಗೂ ಹೇಳಬೇಕಾಗಿಯೂ ಇರಲಿಲ್ಲ. ಆ ಪ್ರಶ್ನೆ ಬಂದರೆ ಸರಿಯಾದ ಉತ್ತರವನ್ನು ಇದೇ ಅಕ್ಷರದಲ್ಲಿ ಬರೆಯುವುದು, ಬರೆದು ಮುಗಿಯುವ ತನಕ ಎದ್ದು ಬರದಿರುವುದು, ಯಾರು ತಿರುಗಿ ನೋಡಿದರೂ ಸರಿ.

ಅತ್ತೆ ಅವಳ ಕೈಗೆ ನೀರಿನ ಲೋಟ ಕೊಟ್ಟರು. ಕೊಡುವಾಗ ಆ ಕೈಯನ್ನು ಒಂದು ಗಳಿಗೆ ಹಿಡಿದು ಮೂಗಿನ ಹತ್ತಿರ ತಂದವರಂತೆ ಮಾಡಿ, ಬಿಟ್ಟರು. ಬ್ಲೀಚಿಂಗ್ ವಾಸನೆ ಇರಲಿಲ್ಲ.

"ಇವತ್ತು ಉಪ್ಪು ನೀನೇ ಹಾಕು," ಎಂದರು. "ನನ್ನ ನಾಲಿಗೆ ಕೆಟ್ಟಿದೆ."